ಸಭೆಯ ನಡುವಿನ ಬಿಡುವು

ನೀರು ಸರಬರಾಜು ಕಚೇರಿಯ ಮೀಟಿಂಗ್ ರೂಮಿನಲ್ಲಿ ಆ ಮಧ್ಯಾಹ್ನ ಕೂತವರಿಗೆಲ್ಲ ಕಾಲ ಬುಡಕ್ಕೇ ಬೆಂಕಿ ಬಿದ್ದಂತಾಗಿತ್ತು. ಬಣ್ಣದ ಕಾರ್ಖಾನೆಯ ಕೊಳೆ ಜಲಾಶಯಕ್ಕೆ ಸೇರಿದೆ, ಕುದಿಸಿದರೂ ಹೋಗುವ ವಿಷವಲ್ಲ ಎಂದು ಲ್ಯಾಬಿನ ಮುಖ್ಯಸ್ಥೆ ಹೇಳಿದ್ದೇ ತಡ, ಎಲ್ಲರೂ ಒಟ್ಟಿಗೆ ಕೂಗಾಡತೊಡಗಿದರು. ಸಂಜೆಯ ನೀರು ನಿಲ್ಲಿಸಬೇಕು, ಮೈಕು ಕಟ್ಟಿ ಊರಿಗೆಲ್ಲ ಸಾರಬೇಕು. ಯಾವತ್ತೂ ಕಡತದಿಂದ ತಲೆ ಎತ್ತದ ಲೆಕ್ಕಾಧಿಕಾರಿ ಕೂಡ ಮೇಜು ಗುದ್ದಿದ.

"ಸ್ವಲ್ಪ ಬಿಡುವು ತಗೊಳ್ಳೋಣ. ಆಮೇಲೆ ತೀರ್ಮಾನ," ಎಂದರು ನಿರ್ದೇಶಕರು. "ಅಲ್ಲೀವರೆಗೆ ಹೊರಗೆ ಯಾರೂ ಬಾಯಿ ಬಿಡಬೇಡಿ."

ಬಿಡುವಿನಲ್ಲಿ ಒಬ್ಬೊಬ್ಬರೂ ಒಂದೊಂದು ಮೂಲೆ ಹಿಡಿದರು. ಎಲ್ಲರ ಕಿವಿಯಲ್ಲೂ ಫೋನು. ಮುಖ್ಯಸ್ಥೆ ಮೆಟ್ಟಿಲ ಕೆಳಗೆ ನಿಂತು ಮಗಳಿಗೆ ಫೋನು ಮಾಡಿದಳು. ಮಗಳು ತುಂಬು ಗರ್ಭಿಣಿ.

"ನಲ್ಲಿ ನೀರು ಮುಟ್ಟಬೇಡ ಕಣೇ. ಕ್ಯಾನ್ ತರಿಸ್ಕೋ. ಯಾರಿಗೂ ಹೇಳ್ಬೇಡ, ನನ್ನ ಕೆಲಸಕ್ಕೇ ಕುತ್ತು ಬರುತ್ತೆ."

ಮತ್ತೆ ಬಂದು ಕೂತಾಗ ರೂಮಿನ ಬಿಸಿ ಇಳಿದುಹೋಗಿತ್ತು. "ಒಂದೇ ಪರೀಕ್ಷೆ ನಂಬ್ಕೊಂಡು ಊರನ್ನೆಲ್ಲ ಬೆಚ್ಚಿಬೀಳಿಸೋದಾ?" ಎಂದ ಅದೇ ಲೆಕ್ಕಾಧಿಕಾರಿ. ಇನ್ನೊಂದು ಪರೀಕ್ಷೆ ಆಗಲಿ, ನಾಳೆ ನೋಡೋಣ ಎಂದು ಉಳಿದವರೂ ತಲೆಯಾಡಿಸಿದರು. ಅಬ್ಬಾ, ಅದೆಂಥ ತಾಳ್ಮೆ! ತಂತಮ್ಮ ಮನೆಯ ನಲ್ಲಿ ಬಂದ್ ಮಾಡಿಸಿ ಬಂದವರ ತಾಳ್ಮೆ.

ಎರಡನೇ ಪರೀಕ್ಷೆಯಲ್ಲೂ ಅದೇ ಬರುತ್ತದೆಂದು ಮುಖ್ಯಸ್ಥೆಗೆ ಚೆನ್ನಾಗಿ ಗೊತ್ತಿತ್ತು. "ನೀವೇನಂತೀರಿ?" ಎಂದು ನಿರ್ದೇಶಕರು ಕೇಳಿದಾಗ ಅವಳ ಕಣ್ಣ ಮುಂದೆ ಬಂದದ್ದು ಮಗಳು, ಊರಲ್ಲ. ಮಗಳಂತೂ ಬಚಾವಾಗಿದ್ದಳು. "ಆಗಲಿ" ಎಂದುಬಿಟ್ಟಳು. ಅಷ್ಟು ಸಲೀಸಾಗಿ ಬಾಯಿಂದ ಬಂತಲ್ಲ ಎಂದು ಅವಳಿಗೇ ನಾಚಿಕೆಯಾಯಿತು. ಆದರೂ ತೀರ್ಮಾನಕ್ಕೆ ಸಹಿ ಹಾಕಿದಳು.

ಮನೆಗೆ ಬರುವಾಗ ಬೀದಿಯ ನಲ್ಲಿಗಳಲ್ಲೆಲ್ಲ ನೀರು ಧೋ ಎಂದು ಸುರಿಯುತ್ತಿತ್ತು. ಮಗಳು ಬಾಗಿಲಲ್ಲೇ ಕಾಯುತ್ತಿದ್ದಳು. ಮುಖ ಬಿಳಿಚಿಕೊಂಡಿತ್ತು.

"ಪಕ್ಕದ ಮನೆಯಾಕೆ ಬಂದಿದ್ಲು ಅಮ್ಮ. ನೀರು ಒಂಥರಾ ವಾಸನೆ ಬರ್ತಿದೆ, ಮಗೂಗೆ ಹಾಲು ಕಲಸಬಹುದಾ ಅಂತ ಕೇಳಿದ್ಲು."

"ನೀನೇನಂದೆ?"

"ಯಾರಿಗೂ ಹೇಳ್ಬೇಡ ಅಂದಿದ್ಯಲ್ಲ. ಏನಾದ್ರೂ ಇದ್ದಿದ್ರೆ ನಮ್ಮಮ್ಮ ಹೇಳ್ತಿರ್ಲಿಲ್ವಾ ಅಂದೆ."

ಮುಖ್ಯಸ್ಥೆ ಬ್ಯಾಗನ್ನು ಅಲ್ಲೇ ಬಿಸಾಕಿ, ಓಡಿಹೋಗಿ ಪಕ್ಕದ ಮನೆಯ ಬಾಗಿಲು ಬಡಿದಳು. ಆಕೆ ಕೂಸನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತಾ ಬಂದು ಬಾಗಿಲು ತೆರೆದಳು.

"ಮೆಲ್ಲಗೆ ಮಾತಾಡಿ. ಬಾಟಲಿ ಪೂರ್ತಿ ಖಾಲಿ ಮಾಡಿ ಈಗ ತಾನೇ ಮಲಗಿದ. ನಿಮ್ಮ ಮಗಳು ಹೇಳಿದ್ಮೇಲೇ ನೋಡಿ, ನನಗೆ ಧೈರ್ಯ ಬಂದಿದ್ದು."