ಮೂರು ಸಲ ಎದ್ದು ಹೋದವನು

ಸೂಪಿನ ಬಟ್ಟಲುಗಳನ್ನು ಎತ್ತುವುದರೊಳಗೆ ಬೇಕರಿಯವನು ಒಂದು ಸಲ ಎದ್ದು ಹೋಗಿ ಬಂದಿದ್ದ. ಮಾವ ಕೈಗಡಿಯಾರ ನೋಡಿಕೊಂಡರು. ಎಂಟು ನಿಮಿಷ.

ಮಾವ ಎಂದರೆ ಹುಡುಗಿಯ ಸೋದರಮಾವ. ರೈಲಿನಲ್ಲಿ ಮೂವತ್ತನಾಲ್ಕು ವರ್ಷ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಜೊತೆಯವರು ಅವರಿಗೆ ಇಟ್ಟ ಹೆಸರು ಭೂತಗನ್ನಡಿ. ತಂಗಿ ತೀರಿಕೊಂಡಾಗ ಅವಳ ಏಳು ವರ್ಷದ ಮಗಳನ್ನು ಮನೆಗೆ ಕರೆತಂದು ಸಾಕಿದವರೂ ಅವರೇ.

ಆ ಹುಡುಗಿ ಈಗ ಊರ ಹಳೆಯ ಕೋಟೆಯಲ್ಲಿ ಗಾರೆ ಕೆಲಸದವಳು. ಕಲ್ಲಿನ ಸಂದುಗಳಿಂದ ಹಳೆಯ ಸುಣ್ಣ ಕೆರೆದು ಹೊಸದು ತುಂಬುವ ತಂಡದಲ್ಲಿದ್ದಳು. ಆಯುಧಶಾಲೆಯ ದುರಸ್ತಿ ಮುಗಿದ ಸಂತೋಷಕ್ಕೆ ಅಲ್ಲೇ ಒಂದು ಸಂಜೆಯೂಟ, ಊಟದ ನಡುನಡುವೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ. ಕೆಲಸದವರಿಗೆ ತಲಾ ಮೂರು ಟಿಕೆಟ್ ಕೊಟ್ಟಿದ್ದರು. ಒಂದು ಅವಳಿಗೆ, ಒಂದು ಮಾವನಿಗೆ, ಮೂರನೆಯದು ಅವಳು ಮದುವೆಯಾಗಬೇಕೆಂದಿದ್ದ ಬೇಕರಿಯವನಿಗೆ. ಮಾವ ಅವನನ್ನು ನೋಡುತ್ತಿದ್ದದ್ದು ಇದೇ ಮೊದಲು.

ನೋಡಿದ್ದು ಹಿಡಿಸಲಿಲ್ಲ. ಕಣ್ಣು ಕೆಂಪಗಿತ್ತು. ಹೊರಗೆ ಹೋಗಿ ಬಂದ ಮೇಲೆ ಕಾಲರು ಒದ್ದೆಯಾಗಿತ್ತು. ಫೋನು ನಡುಗಿದಾಗ ಹೆಸರು ಯಾರಿಗೂ ಕಾಣದಂತೆ ಬೋರಲು ಹಾಕಿದ.

"ಬೇಕರೀಲಿ ಎಷ್ಟು ಗಂಟೆಗೆ ಕೆಲಸ?" ಮಾವ ಬ್ರೆಡ್ಡು ಮುರಿಯುತ್ತ ಕೇಳಿದರು.

"ಬೆಳಗ್ಗೆ ಎಂಟಕ್ಕೆ ಸಾರ್."

ಉತ್ತರ ಸರಕ್ಕನೆ ಬಂತು. ಹೇಳುವಾಗ ಅವನು ನೋಡಿದ್ದು ಕೇಳಿದವರನ್ನಲ್ಲ, ಹುಡುಗಿಯನ್ನು. ಬೆಳ್ಳಗಿರೋದೆಲ್ಲ ಹಾಲಲ್ಲ ಎಂದುಕೊಂಡರು ಮಾವ.

ನಾಲ್ವರು ವಾದಕರು ಎರಡನೆಯ ಕೃತಿ ಶುರು ಮಾಡಿದರು. ಚೆಲ್ಲೋ ಎಂಬ ದೊಡ್ಡ ಪಿಟೀಲಿನ ದಪ್ಪ ದನಿ ಚಾವಣಿಯ ಕಮಾನಿಗೆ ಹತ್ತಿ ನಿಧಾನವಾಗಿ ಇಳಿದು ಬರುತ್ತಿತ್ತು. ಬೇಕರಿಯವನು ಮತ್ತೆ ಎದ್ದ. ಈ ಸಲ ಹನ್ನೊಂದು ನಿಮಿಷ. ಬಂದಾಗ ಹಣೆಗೂದಲಿನಿಂದ ನೀರು ಇಳಿಯುತ್ತಿತ್ತು. ಕುಡಿತವೇ? ಅದಕ್ಕಿಂತ ಕೆಟ್ಟದ್ದೇ? ಹುಡುಗಿ ಮಾತ್ರ ತಟ್ಟೆಯ ಆಲೂಗಡ್ಡೆಯನ್ನು ಸಣ್ಣಸಣ್ಣಗೆ ಕತ್ತರಿಸುತ್ತಲೇ ಇದ್ದಳು, ಬಾಯಿಗೆ ಒಂದು ಚೂರೂ ಹಾಕದೆ.

ಮೂರನೆಯ ಸಲ ಅವನು ಎದ್ದಾಗ ಮಾವನೂ ಎದ್ದರು.

ಹೊರಗಿನ ಓಣಿ ಕಿರಿದಾಗಿತ್ತು. ಬಾಣ ಬಿಡಲು ಕೊರೆದ ಕಿಂಡಿಗಳಿಂದ ಸಂಜೆಯ ಬೆಳಕು ಪಟ್ಟಿಪಟ್ಟಿಯಾಗಿ ಬಿದ್ದಿತ್ತು. ಓಣಿಯ ಕೊನೆಯಲ್ಲಿ ಕಾವಲಿನ ಹೆಂಗಸಿನ ಕೋಣೆ. ಬೇಕರಿಯವನು ಅವಳ ಕಿವಿಯ ಹತ್ತಿರ ಏನೋ ಹೇಳಿದ. ಅವಳು ಅತ್ತಿತ್ತ ನೋಡಿ ಅವನನ್ನು ಒಳಗೆ ಬಿಟ್ಟು ಬಾಗಿಲು ಎಳೆದಳು.

ಮಾವ ನೇರ ಹೋಗಿ ನಿಂತರು. "ಬಾಗಿಲು ತೆಗಿ."

"ನೀವು ಯಾರು ಸಾರ್?"

"ಒಳಗೆ ಹೋದನಲ್ಲ, ಅವನಿಗೆ ಹೆಣ್ಣು ಕೊಡಬೇಕಾದವನು."

ಹೆಂಗಸು ನಕ್ಕುಬಿಟ್ಟಳು. "ಹಾಗಾದ್ರೆ ಮೆಲ್ಲಗೆ ಬನ್ನಿ."

ಒಳಗೆ ಬೇಕರಿಯವನು ಮರದ ಸ್ಟೂಲಿನ ಮೇಲೆ ಕೂತು, ಗೋಡೆಗೆ ತಲೆಯಾನಿಸಿ, ಬಾಯಿ ತೆರೆದು ಮಲಗಿದ್ದ. ಟಿಕೆಟ್ಟಿಲ್ಲದೆ ನಿದ್ದೆ ನಟಿಸಿದವರನ್ನು ಮಾವ ಎಷ್ಟೋ ನೋಡಿದ್ದರು. ಅವರ ರೆಪ್ಪೆ ಸುಮ್ಮನಿರುವುದಿಲ್ಲ. ಇದು ಅಸಲಿ ನಿದ್ದೆ.

"ಆಗಿಂದ ನಲ್ಲಿ ಕೆಳಗೆ ತಲೆ ಒಡ್ಡಿದ್ದೇ ಒಡ್ಡಿದ್ದು," ಎಂದಳು ಹೆಂಗಸು. "ತೂಕಡಿಸೋನಿಗೆ ಹಾಸಿಗೆ ಹಾಸಿದ ಹಾಗೆ ಆ ಸಂಗೀತ ಬೇರೆ. 'ದೊಡ್ಡೋರ ಮುಂದೆ ಗೊರಕೆ ಹೊಡೆದ್ರೆ ಮಾನ ಹೋಗುತ್ತೆ, ಹತ್ತು ನಿಮಿಷಕ್ಕೆ ಎಬ್ಬಿಸಿಬಿಡಿ ಅಕ್ಕ' ಅಂದ."

ಮಾವ ಹತ್ತು ನಿಮಿಷ ಕಾಯಲಿಲ್ಲ. ಭುಜ ಹಿಡಿದು ಅಲ್ಲಾಡಿಸಿದರು. "ಬೆಳಗ್ಗೆ ಎಂಟಕ್ಕೆ ಕೆಲಸಕ್ಕೆ ಹೋಗೋನಿಗೆ ಸಂಜೆ ಏಳಕ್ಕೆ ಇಂಥ ನಿದ್ದೆ ಎಲ್ಲಿಂದ ಬಂತು?"

ಅವನು ದಡಕ್ಕನೆ ಎದ್ದು ನಿಂತ. ಸುಳ್ಳು ಹುಡುಕುವಷ್ಟು ಎಚ್ಚರ ಇನ್ನೂ ಬಂದಿರಲಿಲ್ಲ.

"ರಾತ್ರಿ ಪಾಳಿಗೆ ಹಾಕಿ ಎರಡು ತಿಂಗಳಾಯ್ತು ಸಾರ್. ಅವಳಿಗೆ ಹೇಳಿಲ್ಲ. ಹಗಲು ಬೀದಿ ಗದ್ದಲಕ್ಕೆ ನನಗೆ ನಿದ್ದೆ ಹತ್ತಲ್ಲ, ಸಂಜೆ ಬಿಟ್ರೆ ಅವಳಿಗೆ ಬಿಡುವಿಲ್ಲ. ಸಂಜೆ ನಾನು ಮಲಗಿದ್ರೆ ಇಬ್ಬರೂ ಮುಖ ನೋಡೋದು ಯಾವಾಗ? ಇಂಥ ಬಾಳು ಬೇಡ ಅಂದುಬಿಟ್ರೆ ಅಂತ ಭಯ ಆಯ್ತು."

"ಫೋನು ಯಾರದು?"

"ಬೇಕರಿ ಮೇಸ್ತ್ರಿದು. ಬೇಗ ಬಾ ಅಂತ."

ಮಾವ ಫೋನು ಇಸಿದುಕೊಂಡು ನೋಡಿದರು. ಮೇಸ್ತ್ರಿಯದೇ. ಬಯ್ಯಬೇಕೆಂದು ಬಾಯಿ ತೆರೆದರು. ಸ್ಟೂಲಿನ ಪಕ್ಕಕ್ಕೆ ಜಾರಿದ್ದ ಅವನ ಒಂದು ಚಪ್ಪಲಿ ಕಂಡು, ಅದನ್ನು ಕಾಲಿನಿಂದ ಅವನತ್ತ ಸರಿಸಿದರು. "ಮುಖ ತೊಳೆದು ಬಾ. ಅವಳಿಗೆ ನೀನೇ ಹೇಳು."

ಮೇಜಿಗೆ ಮರಳಿದಾಗ ಹುಡುಗಿ ತಲೆಯೆತ್ತದೆ ಕೇಳಿದಳು. "ಸಿಕ್ಕಿದನಾ?"

ಮಾವ ಬೆಚ್ಚಿದರು. "ನಿನಗೆ ಗೊತ್ತಾ?"

"ಏನೋ ಮುಚ್ಚಿಡ್ತಿದಾನೆ ಅಂತ ಗೊತ್ತು. ಏನು ಅಂತ ಗೊತ್ತಿಲ್ಲ. ನಿನ್ನನ್ನ ಸಂಗೀತ ಕೇಳೋಕೆ ಕರ್ಕೊಂಡು ಬಂದೆ ಅಂದ್ಕೊಂಡ್ಯಾ ಮಾವ?"

ಬೇಕರಿಯವನು ಬಂದು ಕೂತು, ತಗ್ಗಿದ ದನಿಯಲ್ಲಿ ಎಲ್ಲವನ್ನೂ ಹೇಳಿದ. ಮಾವ ಪಿಟೀಲಿನವರ ಕಡೆ ಮುಖ ತಿರುಗಿಸಿಕೊಂಡರೂ ಕಿವಿ ಇಲ್ಲೇ ಇತ್ತು.

"ಎರಡು ತಿಂಗಳಾ!" ಹುಡುಗಿಯ ದನಿಗೆ ಪಕ್ಕದ ಮೇಜಿನವರು ಶ್ ಎಂದರು. "ಇನ್ನೇನೇನು ಮುಚ್ಚಿಟ್ಟಿದೀಯ?"

"ಇಷ್ಟೇ."

ಅವಳು ಮಾವನತ್ತ ನೋಡಿದಳು.

"ನಿದ್ದೆ ನಿಜ," ಎಂದರು ಮಾವ. "ಅದಕ್ಕೆ ನಾನು ಸಾಕ್ಷಿ. ಮಿಕ್ಕಿದ್ದು ನಾನು ಕಂಡಿಲ್ಲ."

ಅವಳು ಎದ್ದಳು. ಅವನ ತೋಳು ಹಿಡಿದು ಕೋಟೆ ಬಾಗಿಲವರೆಗೂ ನಡೆಸಿಕೊಂಡು ಹೋಗಿ, ಪಾಳಿಗೆ ಮುಂಚೆ ಎರಡು ಗಂಟೆಯಾದರೂ ಮಲಗು ಎಂದು ಆಟೋ ಹತ್ತಿಸಿ ಬಂದಳು. ಕೂತು, ತಣ್ಣಗಾಗಿದ್ದ ಆಲೂಗಡ್ಡೆಯನ್ನೆಲ್ಲ ತಿಂದಳು.

"ನಾಳೆ ಬೆಳಗ್ಗೆ ಆರಕ್ಕೆ ಬೇಕರಿ ಮುಂದೆ ನಿಂತಿರ್ತೀನಿ. ಒಳಗಿಂದ ಬಂದ್ರೆ ನಿಜ."

"ನಾನೂ ಬರ್ಲಾ?"

"ಬೇಡ ಮಾವ. ಇಬ್ಬರು ಹೋದ್ರೆ ಅದು ದಾಳಿ. ಒಬ್ಬಳೇ ಹೋದ್ರೆ ಅವನ ಜೊತೆ ಕೂತು ಚಹಾ ಕುಡೀಬಹುದು."

ಮರುದಿನ ಆರೂವರೆಗೆ ಮಾವನ ಫೋನು ಬಡಿದುಕೊಂಡಿತು.

"ಇದ್ದ," ಎಂದಳು. ದನಿ ಹಗುರಾಗಿತ್ತು. "ಹುಬ್ಬಿನ ಮೇಲೆಲ್ಲ ಹಿಟ್ಟು."

"ಸರಿ, ಒಳ್ಳೇದಾಯ್ತು," ಎಂದರು ಮಾವ. ಇಟ್ಟುಬಿಡಬೇಕೆಂದಿದ್ದವರು ತಡೆಯಲಾರದೆ ಕೇಳಿದರು, "ಆ ಹಿಟ್ಟು ಆಗ ತಾನೇ ಹಚ್ಚಿಕೊಂಡ ಹಾಗಿತ್ತಾ, ರಾತ್ರಿಯೆಲ್ಲ ಕೂತದ್ದಾ?"

"ಮಾವ!" ಎಂದಳು ಹುಡುಗಿ. ಅವಳ ಹಿಂದೆ ಯಾರೋ ದೊಡ್ಡದಾಗಿ ಆಕಳಿಸಿದ್ದು ಕೇಳಿಸಿತು.