ಕತ್ತು ಬಗ್ಗಿಸಿದವರಿಗೆ ಹಾರ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತೆ ಅಂತ ಮಾಗಡಿ ಪೇಟೆಯಲ್ಲಿ ಯಾರನ್ನ ಕೇಳಿದ್ರೂ ಹೇಳ್ತಾರೆ. ಬಳೆ, ರಿಬ್ಬನ್ನು, ಪೆನ್ನು, ಪುಸ್ತಕದ ಅಂಗಡಿ ನಂದು. ಇಡೀ ಅಂಗಡಿಯ ಬಳೆ ಇಳಿಸಿ ನೋಡಿ, ಒಂದು ಡಜನ್ನೂ ಕೊಳ್ಳದೆ ಹೋಗೋರನ್ನ ಬೈದೇ ಕಳಿಸೋನು ನಾನು. ಆದ್ರೆ ಮಕ್ಕಳ ವಿಷಯಕ್ಕೆ ಬಂದ್ರೆ ಈ ರುದ್ರಪ್ರಸಾದ್ ಬೆಣ್ಣೆ ಕಣ್ರೀ ಅಂತ ಅದೇ ಜನ ಹೇಳ್ತಿದ್ರು. ಈಗಲೂ ಹೇಳ್ತಾರೆ. ಮೊನ್ನೆ ಭಾನುವಾರ ಆದಮೇಲೆ ಆ ಮಾತು ಕಿವಿಗೆ ಬಿದ್ರೆ ನಾನು ಎದ್ದು ಒಳಗೆ ಹೋಗ್ತೀನಿ.

ನಾವು ನಾಲ್ಕೈದು ಜನ ಅಂಗಡಿಯವರು ಸೇರಿ ‘ಹೊಂಗೆ ಬಳಗ’ ಅಂತ ಒಂದು ಗುಂಪು ಕಟ್ಟಿಕೊಂಡಿದ್ದೀವಿ. ಕೂಲಿನಾಲಿ ಮಾಡೋರ ಮಕ್ಕಳನ್ನ ನಾಟಕ, ಸಂಗೀತ, ಚಿತ್ರಗಳ ಪ್ರದರ್ಶನ ಅಂತ ಕರ್ಕೊಂಡು ಹೋಗೋದು, ಮಧ್ಯಾಹ್ನ ಒಂದು ಒಳ್ಳೆ ಊಟ ಹಾಕಿಸೋದು, ಸಾಯಂಕಾಲ ಮನೆ ಮುಟ್ಟಿಸೋದು. ಮೊಬೈಲು ಬಿಟ್ಟು ಬೇರೇನೂ ಕಾಣದ ಮಕ್ಕಳು, ನಾಲ್ಕು ಒಳ್ಳೇದನ್ನ ನೋಡಲಿ ಅಂತ ಆಸೆ. ಆ ಆಸೆ ಸುಳ್ಳಲ್ಲ. ಅದನ್ನೊಂದು ನಂಬಿ.

ಈ ಸಲ ಸೋಲೂರು ಕಡೆ ಮಕ್ಕಳ ಸರದಿ. ರಾಮನಗರದಲ್ಲಿ ಹೊಸದಾಗಿ ಕಟ್ಟಿರೋ ಏಸಿ ಸಭಾಂಗಣದಲ್ಲಿ ದಯಾನಂದ್ ಅವರ ನಾಟಕ. ದಯಾನಂದ್ ಅಂದ್ರೆ ಬೆಂಗಳೂರಲ್ಲಿ ಸ್ವಂತ ತಂಡ ಕಟ್ಟಿರೋ ದೊಡ್ಡ ನಟರು. ಪ್ರತಿ ಬೇಸಿಗೆಯಲ್ಲೂ ಮಕ್ಕಳಿಗೆ ನಾಟಕದ ಶಿಬಿರ ಮಾಡ್ತಾರೆ. “ನಿಮ್ಮ ಬಳಗದಿಂದ ಒಂದು ಮಗೂನ ಈ ವರ್ಷ ಸೇರಿಸ್ಕೊಳ್ತೀನಿ ರುದ್ರಪ್ರಸಾದ್, ನಾಟಕ ಮುಗಿದ ಮೇಲೆ ಕರ್ಕೊಂಬಂದು ತೋರಿಸಿ” ಅಂದಿದ್ರು. ಯಾರನ್ನ ತೋರಿಸಬೇಕು ಅಂತ ನಾನು ಅವತ್ತೇ ತೀರ್ಮಾನ ಮಾಡಿದ್ದೆ.

ದಿವ್ಯ. ಏಳನೇ ಕ್ಲಾಸು. ಅಪ್ಪ ಅಮ್ಮ ಇಲ್ಲ, ಅಜ್ಜಿ ಸಿದ್ದಮ್ಮನ ಜೊತೆ ಇರೋದು. ಅಜ್ಜಿ ಯಾರದೋ ಹೂವಿನ ತೋಟದಲ್ಲಿ ಹೂ ಬಿಡಿಸಿ, ಮಾರು ಹೂ ಕಟ್ಟಿ ಬದುಕು ಸಾಗಿಸೋಳು. ಹುಡುಗಿ ಮಾತ್ರ ಅಬ್ಬಬ್ಬಾ, ಒಂದು ಸಲ ನೋಡಿದವರನ್ನ ಹಾಗೇ ಎತ್ತಿ ತೋರಿಸ್ತಾಳೆ. ನಾನು ಗಿರಾಕಿಗೆ ಬೈಯೋದನ್ನ ನನ್ನ ಮುಂದೇನೇ ಮಾಡಿ ತೋರಿಸಿದ್ಲು, ಕನ್ನಡಕ ಹಣೆಗೇರಿಸೋದೂ ಬಿಡದೆ. ಕೋಪ ಬರಬೇಕಿತ್ತು, ಹೊಟ್ಟೆ ಹಿಡ್ಕೊಂಡು ನಕ್ಕುಬಿಟ್ಟೆ. ಆವತ್ತಿಂದ ಸಿಕ್ಕಿದಾಗೆಲ್ಲ ಒಂದೇ ಮಾತು, “ಸಾ, ಸಿಬ್ರಕ್ಕೆ ನನ್ನ ಸೇರುಸ್ಕತಾರಾ ಸಾ?”

“ದಯಾನಂದ್ ಸಾರ್ ಮುಂದೆ ನಿಲ್ಲಿಸಿ, ಇವಳು ನಮ್ಮ ಹುಡುಗಿ ಅಂತ ನಾನೇ ಹೇಳ್ತೀನಿ ಕಣೇ. ಸುಮ್ನಿರು” ಅಂದಿದ್ದೆ.

ಭಾನುವಾರ ಬೆಳಿಗ್ಗೆ ಮಿನಿಬಸ್ಸು ಸೋಲೂರಿಂದ ಹೊರಟಿತು. ಸಿದ್ದಮ್ಮ ಮೊಮ್ಮಗಳ ಚೀಲಕ್ಕೆ ಬಾಳೆ ಎಲೆಯ ಪೊಟ್ಟಣ ತುರುಕ್ತಾ, “ನಾಟ್ಕುಕ್ಕೆ ಬರಿಗೈಲಿ ಓಗ್ಬಾರ್ದು ಕಣವ್ವ” ಅಂದಳು. ಬುತ್ತಿ ಇರಬೇಕು ಅಂದ್ಕೊಂಡೆ. ಮಾಗಡಿ ದಾಟೋ ಅಷ್ಟರಲ್ಲಿ ನನ್ನ ಭಾಷಣ ಶುರುವಾಗಿತ್ತು. “ಸೀಟಿ ಹೊಡೆಯೋ ಹಾಗಿಲ್ಲ. ಒನ್ಸ್ ಮೋರ್ ಅಂತ ಕಿರುಚೋ ಹಾಗಿಲ್ಲ. ಕಡ್ಲೆಕಾಯಿ ತಿನ್ನೋ ಹಾಗಿಲ್ಲ. ಚಪ್ಪಾಳೆ ತಟ್ಟೋದೂ ಎಲ್ಲ ಮುಗಿದ ಮೇಲೇನೇ, ಅದೂ ನಾನು ತಟ್ಟಿ ಅಂದಾಗ. ಇದು ನಿಮ್ಮೂರ ನಾಟಕ ಅಲ್ಲ, ತಿಳೀತಾ?” ತಿಳೀತು ಸಾ ಅಂತ ಬಸ್ಸಿಗೆ ಬಸ್ಸೇ ಕೂಗಿತು. ಡ್ರೈವರ್ ನಿಯಾಜ್ ಕನ್ನಡಿಯಲ್ಲಿ ನನ್ನ ನೋಡಿ, “ಏನ್ ಸಾರ್, ನಾಟ್ಕುಕ್ಕೋ ಜೈಲಿಗೋ?” ಅಂದ. ರಸ್ತೆ ನೋಡಿಕೊಂಡು ಓಡಿಸಯ್ಯಾ ಅಂತ ಗದರಿದೆ.

ಎಲ್ಲ ಹೇಳಿದೆ, ಹಾರದ ಮಾತು ಹೇಳಲಿಲ್ಲ. ನಮ್ಮ ಕಡೆ ಊರ ನಾಟಕ ಹೆಂಗಿರುತ್ತೆ ಅಂತ ನನಗೇನು ಗೊತ್ತಿಲ್ವಾ? ರಾಜ ಪಾರ್ಟಿನವನು ಬಂದು ಒಂದು ಪದ ಹಾಡಿ ನಿಂತ ಅಂದ್ರೆ, ಅವನ ಭಾವಮೈದ, ಅತ್ತೆ ಮಗ, ಪಕ್ಕದ ತೋಟದವನು, ಎಲ್ಲರೂ ಸಾಲಾಗಿ ಸ್ಟೇಜು ಹತ್ತಿ ಹಾರ ಹಾಕ್ತಾರೆ. ಕಥೆ ಅಲ್ಲೇ ನಿಲ್ಲುತ್ತೆ. ರಾಜ ಕತ್ತು ಬಗ್ಗಿಸಿ ಹಾಕಿಸ್ಕೊಳ್ತಾನೆ, ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಬಿಡದೆ ಕಾಯ್ತಾರೆ, ಆಮೇಲೆ ಯುದ್ಧ ಮುಂದುವರಿಯುತ್ತೆ. ಹಾರ ಬೀಳದೆ ಹೋದ್ರೇನೇ ಅವಮಾನ. ನಾನೂ ಚಿಕ್ಕಂದಿನಲ್ಲಿ ನಮ್ಮ ಸೋದರಮಾವನಿಗೆ ಹಾಗೇ ಹಾಕಿದೋನೇ.

ಸಭಾಂಗಣದಲ್ಲಿ ಬೇರೆ ಬೇರೆ ಸ್ಕೂಲಿನ ಮಕ್ಕಳೂ ಇದ್ರು. ಮುಂದಿನ ಸಾಲಿನಲ್ಲಿ ಅಧಿಕಾರಿಗಳು, ಅವರ ಹೆಂಡತಿಯರು. ನಮ್ಮ ಮಕ್ಕಳು ಹಬ್ಬದ ಬಟ್ಟೆ ಹಾಕ್ಕೊಂಡು ಬಂದಿದ್ವು. ಏಸಿ ಗಾಳಿಗೆ ನಡುಗುತ್ತಾ ಕೈಕಟ್ಟಿ ಕೂತ್ವು. ಉಸಿರು ಬಿಡೋಕೂ ನನ್ನ ಮುಖ ನೋಡ್ತಿದ್ವು. ನನಗೋ ಹೆಮ್ಮೆ, ನೋಡಿ ಎಂಥ ಶಿಸ್ತು ಕಲಿಸಿದ್ದೀನಿ ಅಂತ.

ನಾಟಕದಲ್ಲಿ ದಯಾನಂದ್ ಅವರೇ ರಾಜ. ರಾಜ್ಯ, ಮಗ, ಎಲ್ಲ ಕಳ್ಕೊಂಡ ರಾಜ. ಒಂದು ಘಟ್ಟದಲ್ಲಿ ಮಾತಿಲ್ಲ, ಸಂಗೀತ ಇಲ್ಲ, ಬರೀ ಒಂದು ಬೆಳಕು. ರಾಜ ನಮ್ಮ ಕಡೆ ತಿರುಗಿ ಕತ್ತು ಬಗ್ಗಿಸಿ ನಿಂತುಬಿಟ್ರು. ನಿಂತೇ ಇದ್ರು. ಮುಂದಿನ ಸಾಲಿನವರು ಕಣ್ಣು ಒರೆಸ್ಕೊಳ್ತಿದ್ರು. ಅಷ್ಟರಲ್ಲಿ ಸ್ಟೇಜಿನ ಪಕ್ಕದ ಮೆಟ್ಟಿಲ ಮೇಲೆ ಹಸಿರು ಲಂಗ ಕಾಣಿಸ್ತು.

ದಿವ್ಯ. ಎರಡು ಕೈಯಲ್ಲೂ ಕಾಕಡ ಹೂವಿನ ಹಾರ ಹಿಡ್ಕೊಂಡು, ಮದುವೆ ಮನೆಗೆ ಹೋಗೋಳ ಹಾಗೆ ಗಂಭೀರವಾಗಿ ರಾಜನ ಕಡೆ ನಡೀತಾ ಇದ್ದಾಳೆ. ಕೊರಳಿಗೆ ನಾಟಕ ತಂಡದ ಕಾರ್ಡು ಹಾಕ್ಕೊಂಡಿದ್ದ ಒಬ್ಬರು ಮೇಡಂ ಓಡಿಬಂದು ರಟ್ಟೆ ಹಿಡಿದ್ರು. ಹಾರ ಕೆಳಗೆ ಬಿತ್ತು. “ಬುಡಕ್ಕಾ, ಕತ್ತು ಬಗ್ಸ್ಕಂಡು ಕಾಯ್ತಾವ್ರೆ, ಆರ ಆಕ್ಬೇಕು” ಅಂದ್ಲು ದಿವ್ಯ. ಆ ನಿಶ್ಶಬ್ದದಲ್ಲಿ ಅದು ಕೊನೇ ಸಾಲಿಗೂ ಕೇಳಿಸ್ತು. ಇಡೀ ಸಭಾಂಗಣ ಗೊಳ್ ಅಂತ ನಕ್ಕಿತು. ಮುಂದೆ ಕೂತಿದ್ದ ಹೆಂಗಸೊಬ್ಬರು ಹಿಂದೆ ತಿರುಗಿ, “ಎಲ್ಲಿಂದ ಹಿಡ್ಕೊಂಬರ್ತಾರೋ ಇವನ್ನ” ಅಂದ್ರು.

ಬಿದ್ದ ಹಾರ ಎತ್ಕೊಂಡ ಹುಡುಗೀನ ಆ ಮೇಡಂ ಎಳ್ಕೊಂಡು ನಮ್ಮ ಸಾಲಿಗೇ ಬಂದ್ರು. “ಸಾರ್, ಈ ಹುಡುಗಿ ನಿಮ್ಮ ಕಡೆಯವಳಾ?”

ಮುಂದಿನ ಸಾಲಿನವರು ತಿರುಗಿ ನನ್ನನ್ನೇ ನೋಡ್ತಿದ್ರು. ಭೂಮಿ ಬಾಯಿಬಿಟ್ಟು ನುಂಗಬಾರದಾ ಅನ್ನಿಸ್ತು. ನನ್ನ ಪಕ್ಕದಲ್ಲಿದ್ದ ಲೋಕೇಶ್ ಅನ್ನೋ ಹುಡುಗ, “ನಮ್ ದಿವ್ಯ…” ಅಂತ ಅರ್ಧ ಎದ್ದ. ಅವನ ತೊಡೆ ಚಿವುಟಿ ಕೂರಿಸಿದೆ.

“ಇಲ್ಲ ಮೇಡಂ, ನಮ್ಮೋಳಲ್ಲ” ಅಂದೆ.

ಎಷ್ಟು ಸಲೀಸಾಗಿ ಬಂತು ಅಂತೀರಿ! ಒಂದು ಸಲ ತೊದಲಬಾರದಾ ಈ ನಾಲಿಗೆ? ದಿವ್ಯ ನನ್ನ ಮುಖ ನೋಡಿದ್ಲು. ನಾನು ಹೇಳಿದ್ದು ಪಾಠ ಅನ್ನೋ ಹಂಗೆ ತಲೆ ಆಡಿಸಿ, ಆ ಮೇಡಂ ಜೊತೆ ಹೊರಗೆ ಹೋದ್ಲು. ಉಳಿದ ನಾಟಕ ಅವಳು ನೋಡಲಿಲ್ಲ. ನಾನೂ ನೋಡಲಿಲ್ಲ ಅನ್ನಿ, ಕಣ್ಣು ಅಲ್ಲಿದ್ದವು ಅಷ್ಟೆ. ಕೊನೇಲಿ ಎಲ್ಲರೂ ಚಪ್ಪಾಳೆ ತಟ್ಟಿದ್ರು. ನಮ್ಮ ಮಕ್ಕಳು ತಟ್ಟಲಿಲ್ಲ. ತಟ್ಟಿ ಅಂತ ಹೇಳೋದು ನನಗೆ ಮರೆತೇಹೋಗಿತ್ತು.

ಹೊರಗೆ ಬಂದು ಮಕ್ಕಳನ್ನ ಬಸ್ಸು ಹತ್ತಿಸ್ತಾ ಇದ್ದೆ. ದಿವ್ಯ ಎಲ್ಲಿಂದಲೋ ಬಂದು ಸಾಲಿನ ಕೊನೆಗೆ ಸೇರ್ಕೊಂಡ್ಲು, ಕೈಯಲ್ಲಿ ನಲುಗಿದ ಹಾರ. ಮಾತಾಡಿಸೋಣ ಅನ್ನೋ ಅಷ್ಟರಲ್ಲಿ ಹಿಂದಿನಿಂದ ಯಾರೋ ಹೆಗಲ ಮೇಲೆ ಕೈ ಹಾಕಿದ್ರು. ದಯಾನಂದ್. ಬಣ್ಣ ಇನ್ನೂ ಅಳಿಸಿರಲಿಲ್ಲ.

“ರುದ್ರಪ್ರಸಾದ್, ಆ ಹಾರ ತಂದ ಮಗು ಯಾರ್ದು ಗೊತ್ತಾಯ್ತಾ? ನಮ್ಮಪ್ಪ ಕನಕಪುರ ಕಡೆ ಊರೂರಲ್ಲಿ ಪಾರ್ಟು ಮಾಡ್ತಿದ್ರು ಕಣ್ರೀ. ಹಾರ ಹಿಡಿದು ಸ್ಟೇಜು ಹತ್ತೋರನ್ನ ನೋಡಿ ಎಷ್ಟು ವರ್ಷ ಆಗಿತ್ತು! ಆ ಮೇಡಂ ಹಿಡೀದೆ ಇದ್ದಿದ್ರೆ ನಾನು ಹಾಕಿಸ್ಕೊಂಡೇ ಮುಂದಿನ ಮಾತು ಹೇಳ್ತಿದ್ದೆ. ಆ ಮಗು ನನಗೆ ಬೇಕು, ಶಿಬಿರಕ್ಕೆ. ನಿಮ್ಮ ಬಳಗದ ಮಗು ಏನೋ ಅಂದ್ಕೊಂಡೆ, ನಮ್ಮ ಈ ಮೇಡಂ ಕೇಳಿದ್ರೆ ನಿಮ್ಮೋಳಲ್ಲ ಅಂದ್ರಂತೆ?”

ಕಾರ್ಡಿನ ಮೇಡಂ ಅವರ ಪಕ್ಕದಲ್ಲೇ ನಿಂತು ಫೋನ್ ನೋಡ್ತಿದ್ರು. ದಿವ್ಯ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ನಮಗೆ ಬೆನ್ನು ಹಾಕಿ ನಿಂತಿದ್ಲು. ಹಾರಾನ ಹೊಟ್ಟೆಗೆ ಒತ್ತಿ ಹಿಡಿದಿದ್ಲು. ಇವಳೇ ಸಾರ್, ನಮ್ಮ ಹುಡುಗಿ ಅಂದಿದ್ರೆ ಆಗಿತ್ತು. ಆದ್ರೆ ಹಾಗಂದ್ರೆ, ಅಲ್ಲಿ ಸುಳ್ಳು ಹೇಳಿದೋನು ನಾನು ಅಂತ ಆ ಮೇಡಂ ಮುಂದೆ, ದಯಾನಂದ್ ಮುಂದೆ ಆಗುತ್ತಲ್ಲ. ಮಕ್ಕಳನ್ನ ಉದ್ಧಾರ ಮಾಡೋಕೆ ಹೊರಟ ರುದ್ರಪ್ರಸಾದ್, ತನ್ನ ಮಗೂನೇ ನಮ್ಮದಲ್ಲ ಅಂದ ಅಂತ ಆಗುತ್ತಲ್ಲ. ಮೊದಲನೇ ಸಲ ಹೆದರಿ ಹೇಳಿದ್ದೆ. ಈ ಸಲ ಯೋಚನೆ ಮಾಡಿ ಹೇಳಿದೆ.

“ಯಾರೋ ಹೊರಗಿನವರು ಸಾರ್. ಹೊರಟೋದ್ರು ಅನ್ಸುತ್ತೆ.”

“ಛೇ” ಅಂದ್ರು ದಯಾನಂದ್. “ಸರಿ, ಶಿಬಿರಕ್ಕೆ ನೀವು ತೋರಿಸಬೇಕಿದ್ದ ಮಗು ಎಲ್ಲಿ?”

“ಆಮೇಲೆ ಫೋನ್ ಮಾಡ್ತೀನಿ” ಅಂದೆ.

ದಿವ್ಯ ಎರಡನೇ ಕಾಲನ್ನೂ ಎತ್ತಿಟ್ಟು ಬಸ್ಸಿನೊಳಗೆ ಹೋದ್ಲು.

ವಾಪಸ್ಸು ಬರೋವಾಗ ಬಸ್ಸಿನಲ್ಲಿ ಒಂದು ಮಗೂನೂ ಮಾತಾಡಲಿಲ್ಲ. ನಾನೇ ಕಲಿಸಿದ ಶಿಸ್ತು. ನಿಯಾಜ್ ಕೂಡ ಕನ್ನಡಿಯಲ್ಲಿ ನನ್ನ ನೋಡಲಿಲ್ಲ, ಮೆಟ್ಟಿಲ ಹತ್ತಿರ ನಡೆದದ್ದೆಲ್ಲ ಅವನು ಕೇಳಿಸ್ಕೊಂಡಿದ್ದ. ಮಾವಿನ ತೋಪುಗಳು ಹಿಂದೆ ಹೋಗ್ತಾ ಇದ್ವು. ಜೇಬಿನಲ್ಲಿ ಫೋನ್ ಇತ್ತು, ಫೋನಿನಲ್ಲಿ ದಯಾನಂದ್ ನಂಬರ್ ಇತ್ತು. ತೆಗೆದೆ, ಇಟ್ಟೆ. ಥೂ ನನ್ನ ಜನ್ಮಕ್ಕಿಷ್ಟು ಅಂತ ನನಗೆ ನಾನೇ ಬೈಕೊಂಡೆ. ಬೈಯೋದರಲ್ಲಿ ನಾನು ಯಾವತ್ತೂ ಮುಂದೆ.

ಸೋಲೂರಿನಲ್ಲಿ ದೀಪ ಹಚ್ಚೋ ಹೊತ್ತು. ಸಿದ್ದಮ್ಮ ಬಸ್ಸಿಗೆ ಕಾಯ್ತಾ ನಿಂತಿದ್ಲು, ಸೀರೆ ಸೆರಗಿನೊಳಗೆ ಏನೋ ಮುಚ್ಚಿಕೊಂಡು. ದಿವ್ಯ ಇಳಿಯೋ ಮೊದಲು ಹಾರಾನ ಸೀಟಿನ ಕೆಳಗೆ ತಳ್ಳಿದ್ದನ್ನ ನಾನು ನೋಡಿದೆ.

“ಏನ್ ಸಾ, ರಾಜುಂಗೆ ಆರ ಆಕುಸುದ್ರಾ? ನಮ್ ಮಗೀನ ಸೇರುಸ್ಕತಾರಂತಾ?”

ಬಾಯಿ ತೆಗೆದೆ.

“ಆಕ್ದೆ ಕಣಜ್ಜಿ” ಅಂದ್ಲು ದಿವ್ಯ. “ಸಾರೇ ಮೇಲಕ್ಕೆ ಕರ್ಕಂಡೋಗಿ ಆಕುಸುದ್ರು. ರಾಜ ಇಂಗೆ ಕತ್ತು ಬಗ್ಸುದ್ರು, ನೋಡು.” ದಯಾನಂದ್ ನಿಂತ ಹಾಗೇ ನಿಂತು ತೋರಿಸಿದ್ಲು. ಒಂದು ಕೂದಲೆಳೆ ವ್ಯತ್ಯಾಸ ಇಲ್ಲ. “ಸೇರುಸ್ಕತೀವಿ ಅಂದ್ರು. ನಾನೇ ಬ್ಯಾಡ ಅಂದೆ. ನೀನು ಒಬ್ಳೇ ಆಯ್ತೀಯಲ್ಲ.”

“ಅಯ್ಯೋ ನಿನ್ ಮನೆ ಕಾಯ್ವಾಗ! ನನ್ಗೇನೇ ಆಗೈತೆ? ಸಾರು ಅಷ್ಟು ಮಾಡವ್ರೆ, ಬ್ಯಾಡ ಅಂದ್ಯಾ?” ಅಂತ ಮುದುಕಿ ಅವಳ ತಲೆಗೊಂದು ಮೊಟಕಿದ್ಲು. ಆಮೇಲೆ ನನ್ನ ಕಡೆ ತಿರುಗಿ ಸೆರಗು ಸರಿಸಿದ್ಲು. ಒಳಗೆ ಇನ್ನೊಂದು ಹಾರ. ಅದೇ ಕಾಕಡ, ನಡುವೆ ಕನಕಾಂಬರ, ಕೆಳಗೆ ಗುಲಾಬಿ. “ರಾಜುಂಗೊಂದು, ನಿಮ್ಗೊಂದು ಅಂತ ಎಲ್ಡು ಕಟ್ಟಿದ್ದೆ ಸಾ. ಬ್ಯಾಡ ಅನ್ಬಾರ್ದು. ಒಸಿ ಬಗ್ಗಿ.”

ಬೇಡಮ್ಮ ಅಂತ ಕೈ ಅಡ್ಡ ಹಿಡಿದೆ. ಕೈ ಸರಿಸಿದ್ಲು. ಕುಳ್ಳ ಮುದುಕಿ, ಕಾಲುತುದಿಯಲ್ಲಿ ನಿಂತು ಎರಡು ಕೈಯಲ್ಲಿ ಹಾರ ಎತ್ತಿ ಹಿಡಿದಿದ್ದಾಳೆ. ಕತ್ತು ಬಗ್ಗಿಸಿದೆ. ನೀರು ಚಿಮುಕಿಸಿದ ಹೂವು, ತಣ್ಣಗೆ ಕೊರಳಿಗೆ ಬಿತ್ತು.

ಮಕ್ಕಳೆಲ್ಲ ಸುತ್ತ ನಿಂತು ನನ್ನನ್ನೇ ನೋಡ್ತಿದ್ವು, ಕೈಕಟ್ಟಿಕೊಂಡು, ಸದ್ದಿಲ್ಲದೆ. ಲೋಕೇಶ್ ತೊಡೆ ಉಜ್ಜಿಕೊಳ್ತಿದ್ದ.

“ಸಾ” ಅಂದ್ಲು ದಿವ್ಯ, ಮೆಲ್ಲಗೆ. ಅಣಕ ಇರಲಿಲ್ಲ. ಇದ್ದಿದ್ರೆ ನಾನು ಬದುಕ್ಕೊಳ್ತಿದ್ದೆ. “ಎಲ್ಲ ಮುಗೀತಲ್ಲ ಸಾ. ಈಗ ಚಪ್ಪಾಳೆ ತಟ್ಬೋದಾ?”