ಮೇಸ್ತ್ರಿಯ ನಂಬರು

ಮೊದಲ ಮಳೆ ಬಿದ್ದು ಹನ್ನೆರಡು ದಿನವಾಗಿತ್ತು. ಗಾಳಿಗೆ ತೇವ ಹತ್ತಿದ ಮೇಲೆ ಮಾವಿನ ಕಸಿಗೆ ತಡಮಾಡುವ ಹಾಗಿಲ್ಲ. ಒಂದು ತಿಂಗಳು, ಹೆಚ್ಚೆಂದರೆ ಐದು ವಾರ. ನರ್ಸರಿಯ ವರ್ಷದ ದುಡಿಮೆಯೆಲ್ಲ ಅಷ್ಟರಲ್ಲೇ ಆಗಬೇಕು. ಹಸಿರು ಬಲೆಯ ನೆರಳಿನಡಿ ಏಳು ಮಂದಿ ಹೆಂಗಸರು ಕುಕ್ಕರುಗಾಲಲ್ಲಿ ಕೂತಿದ್ದರು. ಗೊರಟೆಯಿಂದ ಎದ್ದ ಬೇರುಗಿಡದ ತಲೆ ಸವರಿ, ಕಾಂಡ ಸೀಳಿ, ಬೆಣೆಯ ಹಾಗೆ ಕೆತ್ತಿದ ಕುಡಿಯನ್ನು ಸೀಳಿನೊಳಗಿಳಿಸಿ, ಪ್ಲಾಸ್ಟಿಕ್ ಪಟ್ಟಿ ಬಿಗಿದು ಮುಂದಿನ ಗಿಡಕ್ಕೆ ಸರಿಯುತ್ತಿದ್ದರು.

"ಟೀಚರಮ್ಮನ ಕೈ ಇವತ್ತು ನಿಧಾನ ಕಣ್ರೇ," ಎಂದಳು ಮಣ್ಣು ಕಲಸುವವಳು. ಬೆಳಗಿನಿಂದ ಸಂಜೆವರೆಗೆ ಬಾಯಿ ಮುಚ್ಚದ ಅವಳಿಗೆ ರೇಡಿಯೊ ಎಂದೇ ಹೆಸರು. "ಕುರ್ಚಿ ಮೇಲೆ ಕೂರೋದನ್ನ ಈಗಲೇ ಅಭ್ಯಾಸ ಮಾಡ್ತಿರಬೇಕು."

"ನಿನ್ನ ಬಾಯಿಗೊಂದು ಪಟ್ಟಿ ಸುತ್ತಿಬಿಡ್ತೀನಿ ನೋಡು," ಎಂದಳು ಮಾತಿಗೆ ಗುರಿಯಾದ ಕಸಿಯಕ್ಕ. ಎಲ್ಲರೂ ನಕ್ಕರು. ಅವಳೂ ನಕ್ಕಳು, ನಗುತ್ತಲೇ ಮನಸ್ಸಿನಲ್ಲಿ ದಿನ ಎಣಿಸಿದಳು. ಪರೀಕ್ಷೆ ಕೊಟ್ಟು ಬಂದು ಇವತ್ತಿಗೆ ಇಪ್ಪತ್ತು ದಿನ.

ಪಟ್ಟಣದ ತರಬೇತಿ ಕೇಂದ್ರದಲ್ಲಿ ಕಸಿ ಕಲಿಸುವವರು ಬೇಕಾಗಿದ್ದರು. ಓದಿಗಿಂತ ಕೈಕೆಲಸ ಮುಖ್ಯ, ಕೆಲಸ ಕಾಯಂ, ವಯಸ್ಸು ಮಾತ್ರ ನಲವತ್ತು ದಾಟಿರಬಾರದು. ಕಸಿಯಕ್ಕನಿಗೆ ನಲವತ್ತು ತುಂಬಲು ಆರು ತಿಂಗಳು ಉಳಿದಿತ್ತು. ಮಂಡಿ ಹಿಡಿದುಕೊಂಡು ಎರಡು ವರ್ಷವಾಗಿತ್ತು; ಕೂತರೆ ಏಳುವಾಗ ಯಾರಾದರೂ ಕೈ ಕೊಡಬೇಕು. ಇದು ತಪ್ಪಿದರೆ ಇನ್ನೊಂದಿಲ್ಲ ಎನ್ನುವುದು ಅವಳಿಗೆ ಯಾರೂ ಹೇಳದೆ ಗೊತ್ತಿತ್ತು.

ಆದರೂ ಯಾರಾದರೂ ಹೇಳಲಿ ಎಂದಿತ್ತು ಮನಸ್ಸು. ಗಂಡನನ್ನು ಕೇಳಿದ್ದಳು. ಅವನದು ಸೈಕಲ್ ರಿಪೇರಿ ಅಂಗಡಿ. ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುತ್ತಲೇ, "ನನ್ನ ಕೇಳಿದ್ರೆ ಪಂಕ್ಚರ್ ಎಲ್ಲಿದೆ ಅಂತ ಹೇಳ್ತೀನಿ. ಕೆಲಸದ ವಿಷಯ ನಿನಗೆ ತಿಳಿದಷ್ಟು ನನಗೆಲ್ಲಿ ತಿಳಿಯತ್ತೆ?" ಎಂದಿದ್ದ. ಒಳ್ಳೆಯ ಮನುಷ್ಯ, ಮಾತಿನಿಂದ ಉಪಯೋಗವಿಲ್ಲ. ರೇಡಿಯೊಗೆ ಹೇಳಿದರೆ ಊರಿಗೇ ಹೇಳಿದ ಹಾಗೆ. ಉಳಿದವರು ಮೇಸ್ತ್ರಿ ಒಬ್ಬರೇ.

ಮೇಸ್ತ್ರಿ ಎಂದರೆ ಅವಳಿಗೆ ಅಪ್ಪನಿಗಿಂತ ಒಂದು ಕೈ ಮೇಲು. ಹದಿನಾರು ವರ್ಷದ ಹುಡುಗಿಯಾಗಿ ನೀರು ಹಾಕಲು ಬಂದವಳ ಕೈಗೆ ಚೂರಿ ಕೊಟ್ಟು, ಸಿಪ್ಪೆಗೆ ಸಿಪ್ಪೆ ಕೂಡಿಸುವುದನ್ನು ಕಲಿಸಿದವರು. "ಕಟ್ಟಿದ ಮೇಲೆ ಮೂರು ವಾರ ಕೈಯಿಡಬೇಡ. ಬಿಚ್ಚಿ ನೋಡೋರ ಕಸಿ ಯಾವತ್ತೂ ಹಿಡಿಯಲ್ಲ" ಎಂದು ಗದರಿ ಗದರಿ ಅವಳ ಆತುರ ಬಿಡಿಸಿದವರು. ಈಗ ಮೂರು ವರ್ಷದಿಂದ ಅವರ ಕಣ್ಣಿಗೆ ಮಬ್ಬು. ಕುಡಿ ಒಂದು ಕಡೆ, ಸೀಳು ಒಂದು ಕಡೆ. ಸಂಜೆ ಐದಕ್ಕೆ ಎಲ್ಲರೂ ಹೊರಟ ಮೇಲೆ ಕಸಿಯಕ್ಕ ಒಂದು ಗಂಟೆ ಹಿಂದೆ ಉಳಿದು, ಅವರ ಸಾಲಿನಲ್ಲಿ ಆ ದಿನ ಕೆಟ್ಟ ಗಿಡಗಳನ್ನೆಲ್ಲ ಹೊಸ ಕುಡಿ ಹಾಕಿ ಕಟ್ಟುತ್ತಿದ್ದಳು. ಯಜಮಾನನಿಗೆ ಗೊತ್ತಿರಲಿಲ್ಲ. ಮೇಸ್ತ್ರಿಗೂ ಗೊತ್ತಿಲ್ಲವೆಂದೇ ಅವಳು ತಿಳಿದಿದ್ದಳು.

ಅರ್ಜಿಯ ಕಾಗದವನ್ನು ಮೇಸ್ತ್ರಿ ಎರಡೂ ಕೈಯಲ್ಲಿ ಸವರಿ ನೋಡಿ, "ಹೋಗಲೇಬೇಕು ಕಣಮ್ಮ. ನಿನ್ನಂಥ ಕೈ ಇಲ್ಲೇ ಯಾಕೆ ಸವೀಬೇಕು?" ಎಂದಿದ್ದರು. ಅವಳಿಗೆ ನಿಮ್ಮ ಗತಿ ಏನು ಎಂದು ಕೇಳಲು ಬಾಯಿ ಬಂದಿರಲಿಲ್ಲ. ಫೋನ್ ನಂಬರು ಬರೆಯುವ ಜಾಗದಲ್ಲಿ ಅವಳೇ ಅವರ ನಂಬರು ಬರೆದಳು. ಚೂರಿ ಹಿಡಿಯುವವರು ಫೋನನ್ನು ಬಾಗಿಲ ಬಳಿಯ ಡಬ್ಬದಲ್ಲಿ ಹಾಕಿ ಒಳಗೆ ಬರಬೇಕು ಎನ್ನುವುದು ನರ್ಸರಿಯ ಕಟ್ಟಳೆ. ಮೇಸ್ತ್ರಿಯ ಜೇಬಿನಲ್ಲಿ ಮಾತ್ರ ಫೋನಿರುತ್ತಿತ್ತು.

ಪರೀಕ್ಷೆಗೆ ಹೋದಳು. ಇಪ್ಪತ್ತು ನಿಮಿಷದಲ್ಲಿ ಮೂವತ್ತು ಕಸಿ ಕಟ್ಟಿದಳು. "ಫೋನ್ ಮಾಡ್ತೀವಿ" ಎಂದರು. ಬಂದು ಮೇಸ್ತ್ರಿಗೆ ಹೇಳಿದ್ದಕ್ಕೆ, "ಕಟ್ಟಿಯಾಯ್ತಲ್ಲ, ಇನ್ನು ಕೈಯಿಡಬೇಡ" ಎಂದರು. ಅವಳು ಕೈಯಿಡಲಿಲ್ಲ. ವಿಚಾರಿಸಿಕೊಂಡು ಬಾ ಎಂದು ಗಂಡ ಎರಡು ಸಲ ಹೇಳಿದರೂ ಹೋಗಲಿಲ್ಲ. ಇಪ್ಪತ್ತಮೂರು ವರ್ಷ ಗಿಡದ ಜೊತೆ ಬಾಳಿದವಳಿಗೆ, ಕಾಯುವುದೂ ಒಂದು ಕೆಲಸವೇ ಎಂದು ಅನ್ನಿಸಿಬಿಟ್ಟಿತ್ತು.

ಮಧ್ಯಾಹ್ನ ಕೇಂದ್ರದ ಗಾಡಿ ಬಂತು. ಪರೀಕ್ಷೆಯ ದಿನ ಪಕ್ಕದಲ್ಲಿ ನಿಂತು ಗಡಿಯಾರ ನೋಡುತ್ತಿದ್ದ ಅಧಿಕಾರಿಣಿ ಬೇರುಗಿಡ ಕೊಳ್ಳಲು ಬಂದಿದ್ದಳು. ಕಸಿಯಕ್ಕನನ್ನು ನೋಡಿ ತಾನೇ ಹತ್ತಿರ ಬಂದಳು.

"ನೀವು ಬರಲ್ಲ ಅಂದಿದ್ದು ಬೇಜಾರಾಯ್ತಮ್ಮ. ನಿಮ್ಮದೇ ಮೊದಲ ಹೆಸರಿತ್ತು."

ಕಸಿಯಕ್ಕನ ಚೂರಿ ಅಲ್ಲೇ ನಿಂತಿತು. "ನಾನು ಯಾವಾಗ ಅಂದೆ?"

"ಫೋನ್ ಮಾಡಿದ್ನಲ್ಲ, ಎರಡು ಸಲ. ನಿಮ್ಮ ಮೇಸ್ತ್ರಿ ತಗೊಂಡ್ರು. ಮನೇಲಿ ಒಪ್ಪಲಿಲ್ಲ, ಬರಲ್ಲ ಅಂತ ಹೇಳಿದ್ರು." ಅವಳ ಮುಖ ನೋಡಿ ಅಧಿಕಾರಿಣಿಯ ದನಿ ಇಳಿಯಿತು. "ನಂಬರು ನೀವೇ ಕೊಟ್ಟಿದ್ದಲ್ವಾ? ಎರಡನೇ ಹೆಸರಿನವರು ಸೋಮವಾರವೇ ಸೇರಿಬಿಟ್ರು."

ರೇಡಿಯೊ ತಲೆ ತಗ್ಗಿಸಿ ಮಣ್ಣು ಕಲಸತೊಡಗಿದಳು. ಕಸಿಯಕ್ಕ ಪಕ್ಕದವಳ ಹೆಗಲು ಹಿಡಿದು ಎದ್ದಳು.

ಮೇಸ್ತ್ರಿ ಗೊಬ್ಬರದ ಕೋಣೆಯಲ್ಲಿ ಚೀಲದ ಮೇಲೆ ಕೂತಿದ್ದರು. ಮಂಡಿ ಎಳೆದುಕೊಂಡು ಬರುವ ಹೆಜ್ಜೆಯಿಂದಲೇ ಯಾರೆಂದು ಅವರಿಗೆ ತಿಳಿಯಿತು.

"ಗಾಡಿ ಬಂದಾಗಲೇ ಅಂದ್ಕೊಂಡೆ, ಬರ್ತೀಯ ಅಂತ," ಎಂದರು.

"ಯಾಕೆ ಮೇಸ್ತ್ರಿ?"

"ನೀನು ಹೋದ ಮಾರನೇ ತಿಂಗಳು ನನ್ನ ಸಾಲು ಒಣಗಿ ನಿಲ್ಲತ್ತೆ. ಯಜಮಾನ ನನ್ನ ಇಟ್ಕೋತಾನಾ?"

"ಅಂದ್ರೆ ನಿಮಗೆ ಗೊತ್ತಿತ್ತು."

"ಕಣ್ಣು ಹೋದ್ರೂ ಬೆರಳಿದೆಯಲ್ಲಮ್ಮ. ನಾನು ಸುತ್ತಿದ ಪಟ್ಟಿ ಯಾವುದು, ನೀನು ಸುತ್ತಿದ್ದು ಯಾವುದು ಅಂತ ಬೆಳಗ್ಗೆ ಮುಟ್ಟಿದ್ರೆ ತಿಳಿಯತ್ತೆ."

"ಮೂರು ವರ್ಷ ಒಂದು ಮಾತು ಆಡಲಿಲ್ಲ ನೀವು."

"ಏನಂತ ಆಡ್ಲಿ?"

"ಹೋಗಬೇಡ ಅನ್ನಬಹುದಿತ್ತು! ನನ್ನ ಮುಖಕ್ಕೇ ಹೇಳಬಹುದಿತ್ತು. ಜಗಳ ಆಡ್ಕೊಂಡಾದ್ರೂ ಹೋಗ್ತಿದ್ದೆ ನಾನು."

"ಅದಕ್ಕೇ ಹೇಳಲಿಲ್ಲ," ಎಂದರು ಮೇಸ್ತ್ರಿ.

ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಬೈಯಲು ಹತ್ತಾರು ಮಾತು ನಾಲಗೆವರೆಗೆ ಬಂದವು. ಬೈಗುಳವನ್ನೂ ಇವರಿಂದಲೇ ಕಲಿತಿದ್ದಳು. ತಿರುಗಿ ಇವರಿಗೇ ಕೊಡಲು ಬಾಯಿ ಏಳಲಿಲ್ಲ. ಹೊರಗೆ ಬಂದು ಮುಖ ತೊಳೆದು ಮತ್ತೆ ಗಿಡದ ಮುಂದೆ ಕೂತಳು.

ಐದು ಗಂಟೆಗೆ ಚೂರಿ ಒರೆಸಿ ಚೀಲಕ್ಕೆ ಹಾಕಿಕೊಂಡು ಎಲ್ಲರ ಜೊತೆ ಎದ್ದಳು. ರೇಡಿಯೊ ತಾನಾಗಿ ಕೈ ಕೊಟ್ಟು ಎಬ್ಬಿಸಿದಳು. ಮೇಸ್ತ್ರಿ ತಮ್ಮ ಸಾಲಿನ ತುದಿಯಲ್ಲಿ ನಿಂತು ಹೆಜ್ಜೆಗಳನ್ನು ಎಣಿಸುವವರ ಹಾಗೆ ಕಿವಿಗೊಟ್ಟಿದ್ದರು. ಅವಳು ಅವರನ್ನು ದಾಟಿ ಹೋದಳು. ಮಾರನೇ ದಿನವೂ ಹಾಗೇ ಹೋದಳು.

ಮಳೆ ಬಲಿತು, ಬಲೆಯಡಿಯ ಸಾಲುಗಳಲ್ಲಿ ತಾಮ್ರದ ಬಣ್ಣದ ಚಿಗುರು ಒಡೆಯಿತು. ಒಂದು ಸಾಲು ಮಾತ್ರ ಕಡ್ಡಿ ನೆಟ್ಟ ಹಾಗಿತ್ತು. ಯಜಮಾನ ಅದರ ಉದ್ದಕ್ಕೂ ನಡೆದು, ಒಂದು ಕುಡಿ ಹಿಡಿದು ಎಳೆದ. ಕೈಗೇ ಬಂತು.

"ಯಾರ ಕೈ ಇದು?"

ಮೇಸ್ತ್ರಿಯ ಮುಖ ಕಸಿಯಕ್ಕ ಇದ್ದ ಕಡೆಗೇ ತಿರುಗಿತ್ತು. ನನ್ನದು ಎಂದು ಅವಳು ಒಂದು ಮಾತು ಹೇಳಿದ್ದರೆ ಯಜಮಾನ ನಂಬುತ್ತಿರಲಿಲ್ಲ, ಆದರೆ ಬಿಟ್ಟುಬಿಡುತ್ತಿದ್ದ.

"ಮೇಸ್ತ್ರಿದು," ಎಂದಳು. "ಮೂರು ವರ್ಷದಿಂದ ಹೀಗೇನೆ. ನಾನು ಸರಿ ಮಾಡ್ತಿದ್ದೆ."

ಅದೇ ವಾರ ಮೇಸ್ತ್ರಿಯನ್ನು ಬಾಗಿಲು ಕಾಯಲು ಕೂರಿಸಿದರು. ಮೇಸ್ತ್ರಿ ಕೆಲಸ ಅವಳ ಕೊರಳಿಗೆ ಬಿತ್ತು. ಕೂಲಿ ಸ್ವಲ್ಪ ಹೆಚ್ಚು, ಕುಕ್ಕರುಗಾಲು ಅದೇ. ಮುದುಕನ ಜಾಗಕ್ಕೆ ಕಣ್ಣು ಹಾಕಿ ಸಾಲು ಒಣಗಿಸಿದಳು ಎಂದು ಹೆಂಗಸರು ಆಡಿಕೊಂಡರು. ಆ ಮಾತನ್ನು ಮೊದಲು ಆಡಿದವಳು ರೇಡಿಯೊನೇ ಎಂದು ಅವಳಿಗೆ ಗೊತ್ತಾಯಿತು. ಗೊತ್ತಾಗಿ ಆಶ್ಚರ್ಯವೂ ಆಗಲಿಲ್ಲ.

ಗೊಬ್ಬರದ ಕೋಣೆಯ ಬೀಗದ ಕೈ ಒಪ್ಪಿಸುವಾಗ ಮೇಸ್ತ್ರಿ ಅವಳ ಅಂಗೈ ಹುಡುಕಿ ಅದರಲ್ಲಿಟ್ಟರು. "ಸಮ ಆಯ್ತಲ್ಲಮ್ಮ ಈಗ?"

"ಎಲ್ಲಿ ಸಮ?" ಎಂದಳು ಅವಳು. "ನೀವು ಬಾಗಿಲಲ್ಲಿ ಕೂತ್ರೆ ನನಗೆ ಆ ಕೆಲಸ ವಾಪಸ್ ಬರತ್ತಾ?"

ಉತ್ತರಕ್ಕೆ ಅವಳು ನಿಲ್ಲಲಿಲ್ಲ. ಒಣಗಿದ ಸಾಲನ್ನು ಕಿತ್ತು, ಆ ಜಾಗಕ್ಕೆ ಹೊಸ ಬೇರುಗಿಡಗಳನ್ನು ಸಂಜೆಯೊಳಗೆ ಇಳಿಸಬೇಕಿತ್ತು.